ಈರುಳ್ಳಿಗೆ ಕರೆಯದ ಮದುವೆ

ನಮ್ಮ ಹಳ್ಳಿಯ ಮದುವೆಗಳಲ್ಲಿ ಮನುಷ್ಯರು ಎರಡೇ ಜಾತಿ: ಕಾರ್ಡು ಸಿಗುವವರು, ಚಾಕು ಸಿಗುವವರು. ಕಾರ್ಡು ಸಿಕ್ಕವರು ಮದುವೆಯ ದಿನ ಹೊಸ ಬಟ್ಟೆ ಹಾಕಿಕೊಂಡು ಬಂದು, ಉಂಡು, ಹೋಗುವಾಗ ಪುಟ್ಟ ಬುಟ್ಟಿಯಲ್ಲಿಟ್ಟ ಬೇಯಿಸಿದ ಮೊಟ್ಟೆಯೊಂದನ್ನು ಇಸಿದುಕೊಂಡು ಹೋಗುತ್ತಾರೆ. ಚಾಕು ಸಿಕ್ಕವರು ಹಿಂದಿನ ದಿನವೇ ಹಳೇ ಬಟ್ಟೆಯಲ್ಲಿ ಬಂದು, ಹಿತ್ತಲ ಚಪ್ಪರದಡಿ ಕಾಲು ಚಾಚಿ ಕೂತು, ಮೂಟೆಗಟ್ಟಲೆ ಈರುಳ್ಳಿ ಹೆಚ್ಚುತ್ತ ಬೀಗರ ಮಾನ ಹರಾಜು ಹಾಕುತ್ತಾರೆ. ಅವರನ್ನು ಯಾರೂ ಬನ್ನಿ ಕೂತ್ಕೊಳ್ಳಿ ಅನ್ನುವುದಿಲ್ಲ. ‘ಇಷ್ಟೊತ್ತು ಎಲ್ಲಿ ಸತ್ತಿದ್ದೆ?’ ಅನ್ನುತ್ತಾರೆ.

ಮಲಯ್ ಸೀಮೆಯ ಬಾಲಿಕ್ ಪುಲಾವಿನ ನಮ್ಮ ಹಳ್ಳಿಯಲ್ಲಿ ಚಾಕು ಸಿಕ್ಕ ಬಿಳಿಯ ಹೆಂಗಸು ಒಬ್ಬಳೇ. ವಿಲ್ಮಕ್ಕ.

ವಿಲ್ಮಕ್ಕ ಹಾಲೆಂಡಿನವಳು. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಸ್ತ್ರಿಣಿಯಾಗಿದ್ದು ನಿವೃತ್ತಳಾದವಳು. ಗಂಡ ಗೆರಿಟ್ ಬಂದರಿನಲ್ಲಿ ಕ್ರೇನ್ ನಡೆಸಿದವರು. ಮಕ್ಕಳಿಲ್ಲ. ಮುಪ್ಪು ಕಳೆಯಲು ಊರು ಹುಡುಕುತ್ತ ಇಬ್ಬರೂ ಅರ್ಧ ಭೂಮಿ ಸುತ್ತಿದ್ದರು. ಗೆರಿಟ್‌ಗೆ ಬೇಕಾಗಿದ್ದದ್ದು ಬಿಸಿಲು, ಒಳ್ಳೆಯ ಡಾಕ್ಟರು, ಕೈಗೆಟುಕುವ ಬಾಡಿಗೆ. ವಿಲ್ಮಕ್ಕನಿಗೆ ಏನು ಬೇಕೋ ಅವಳಿಗೇ ಗೊತ್ತಿರಲಿಲ್ಲವಂತೆ. ‘ಸ್ಪೇನಲ್ಲಿ ನಕ್ಕರು, ಬಾಲಿಯಲ್ಲಿ ನಕ್ಕರು, ಥಾಯ್ಲೆಂಡಲ್ಲಂತೂ ವಾಪಸ್ ನಕ್ಕೂ ನಕ್ಕೂ ನನಗೆ ದವಡೆ ನೋವು ಬಂತು,’ ಅನ್ನುತ್ತಿದ್ದಳು. ‘ಬಾಡಿಗೆ ಕೊಡೋ ಮುದುಕಿಯನ್ನ ಕಂಡರೆ ಯಾರು ತಾನೆ ನಗಲ್ಲ?’

ನಮ್ಮೂರಿಗೆ ಬಂದು ಹಾಜಿ ಶಾಫೀ ಅವರ ಮನೆ ಹಿಡಿದ ಮೂರನೇ ದಿನ ಪಕ್ಕದ ಮನೆಯ ಹಸ್ನಾ ಬಾಗಿಲು ತಟ್ಟದೆ ಒಳಗೆ ನುಗ್ಗಿದಳು. ಹಸ್ನಾ ನನ್ನ ದೊಡ್ಡಪ್ಪನ ಮಗಳು. ಅವಳ ಗಂಟಲು ಮಸೀದಿಯ ಧ್ವನಿವರ್ಧಕಕ್ಕೆ ಪೈಪೋಟಿ.

‘ಏನಕ್ಕಾ, ಸುಮ್ನೆ ಕೂತಿದ್ದೀಯ? ಅಲ್ಲಿ ನಮ್ಮ ನಾದಿನಿ ಮದುವೆಗೆ ಕೈ ಸಾಲದೆ ಸಾಯ್ತಿದ್ದೀವಿ. ಈರುಳ್ಳಿ ಹೆಚ್ಚೋಕೆ ಬರುತ್ತೋ ಇಲ್ವೋ?’

ಭಾಷೆ ಅರ್ಥವಾಗದಿದ್ದರೂ ಚಾಕು ಅರ್ಥವಾಯಿತು. ಸಂಜೆ ಕಣ್ಣು ಕೆಂಪು ಮಾಡಿಕೊಂಡು ಬಂದ ವಿಲ್ಮಕ್ಕ ಗಂಡನಿಗೆ, ‘ಪೆಟ್ಟಿಗೆ ಬಿಚ್ಚು. ಇದೇ ಊರು,’ ಅಂದಳಂತೆ.

ಆಮೇಲಿನ ಎಂಟು ವರ್ಷ ಅವಳಿಲ್ಲದ ಮದುವೆ ನಮ್ಮಲ್ಲಿ ನಡೆಯಲಿಲ್ಲ. ಅವಳಿಗೆಂದೇ ಹಸ್ನಾಳ ಅಡುಗೆಮನೆಯಲ್ಲಿ ಹಿಡಿಗೆ ಕೆಂಪು ದಾರ ಸುತ್ತಿದ ಒಂದು ಚಾಕು ಇತ್ತು. ಈರುಳ್ಳಿಯಿಂದ ಶುಂಠಿಗೆ, ಶುಂಠಿಯಿಂದ ಕೊಬ್ಬರಿ ಹುರಿಯುವ ಒಲೆಗೆ ಬಡ್ತಿ ಸಿಕ್ಕಿತು. ಒಮ್ಮೆ ಮಾತಿನ ಭರದಲ್ಲಿ ಬಾಣಲೆಯ ಕೊಬ್ಬರಿಯನ್ನೆಲ್ಲ ಇದ್ದಿಲು ಮಾಡಿ ಮತ್ತೆ ಈರುಳ್ಳಿಗೆ ಇಳಿದಳು. ಅಂದಿನಿಂದ ಅವಳು ‘ಕರಕಲು ವಿಲ್ಮಾ’. ಟೀವಿಯಲ್ಲಿ ಸುಗಂಧದ್ರವ್ಯದ ಜಾಹೀರಾತು ಬಂದರೂ ಹಸ್ನಾ, ‘ವಿಲ್ಮಕ್ಕಾ, ಏನೋ ಸೀದ ವಾಸನೆ?’ ಅನ್ನುವಳು. ಇದನ್ನು ತನ್ನ ದೇಶದಿಂದ ಬಂದ ತಂಗಿಗೆ ವಿಲ್ಮಕ್ಕ ಪದವಿ ಪಡೆದವಳಂತೆ ಹೇಳಿಕೊಂಡಿದ್ದಳು.

ಗೆರಿಟ್ ವಿಷಯ ಬೇರೆ. ಆರಡಿ ದಾಟಿದ ಎತ್ತರ, ಕಡಿಮೆ ಮಾತು, ಇಸ್ತ್ರಿ ಮಾಡಿದ ಅಂಗಿ. ನಾವು ಗಂಡಸರು ಅವರನ್ನು ಸಾಹೇಬ್ರೇ ಅನ್ನುತ್ತಿದ್ದೆವು. ಮದುವೆಯ ಹಿಂದಿನ ದಿನ ನಾವು ಕೊಪ್ಪರಿಗೆಯಲ್ಲಿ ತುಪ್ಪದನ್ನ ಬೇಯಿಸುವಲ್ಲಿಗೆ ಅವರು ಬಂದರೆ ಯಾರಾದರೊಬ್ಬರು ಓಡಿಹೋಗಿ ಕುರ್ಚಿ ತರುತ್ತಿದ್ದೆವು. ಸಾಮಾನ್ಯವಾಗಿ ನಾನೇ. ನಾನು ಡ್ರೈವಿಂಗ್ ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು ಕೂತು, ಕೆಲಸ ತಪ್ಪಿಸಿಕೊಳ್ಳುವುದು ನನಗೆ ಕರಗತ.

ಹೋದ ವರ್ಷ ಹಸ್ನಾಳ ಮಗಳು ಅಫೀಫಾಳ ಮದುವೆ ಗೊತ್ತಾಯಿತು. ಆ ಹುಡುಗಿಗೆ ಸೈಕಲ್ ಕಲಿಸಿದವಳೇ ವಿಲ್ಮಕ್ಕ. ತಿಂಗಳ ಮೊದಲಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ‘ಈ ಸಲ ಕೊಬ್ಬರಿ ನಂದೇ. ಹಸ್ನಾ ಕೊಡದಿದ್ರೆ ಕಿತ್ಕೋತೀನಿ.’

ಮದುವೆಗೆ ಹತ್ತು ದಿನ ಇರುವಾಗ ಹಸ್ನಾ ವಿಲ್ಮಕ್ಕನ ಮನೆಯ ಬಾಗಿಲು ತಟ್ಟಿದಳು. ಹೌದು, ತಟ್ಟಿದಳು. ಮೈಮೇಲೆ ಹಬ್ಬದ ಬಟ್ಟೆ. ಬಂಗಾರದ ಅಂಚಿನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ‘ದಯವಿಟ್ಟು ಇಬ್ಬರೂ ಬರಬೇಕು. ಮುಂದಿನ ಸಾಲಲ್ಲೇ ಜಾಗ ಇಟ್ಟಿರ್ತೀವಿ,’ ಅಂದಳು. ಚಹಾ ಬೇಡವೆಂದು ಹೊರಟೂ ಹೋದಳು.

ವಿಲ್ಮಕ್ಕ ಆ ಕಾರ್ಡು ಹಿಡಿದುಕೊಂಡು ನೇರ ನನ್ನ ಮನೆಗೆ ಬಂದಳು.

‘ರುಸ್ಲಿ, ಇದೇನು?’

‘ಕಾರ್ಡು ಅಕ್ಕ.’

‘ಅದು ಕುರುಡನಿಗೂ ಕಾಣುತ್ತೆ. ನಂಗ್ಯಾಕೆ?’

ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಊರಿನ ಗುಟ್ಟುಗಳು ನನ್ನ ಕಿವಿಗೆ ಬೀಳದೆ ಬಳಸಿ ಹೋಗುತ್ತವೆ. ‘ನಿಮಗೆ ಹೇಳೋದೂ ಒಂದೇ, ಸಂತೆಯಲ್ಲಿ ಕೂಗೋದೂ ಒಂದೇ’ ಎಂದು ಹೆಂಡತಿ ಮದುವೆಯಾದ ವಾರದಲ್ಲೇ ತೀರ್ಪು ಕೊಟ್ಟಿದ್ದಾಳೆ. ಬೀಗರು ಅಲೋರ್ ಸೆತಾರ್ ಪಟ್ಟಣದ ದೊಡ್ಡವರು, ಅವರ ಮುಂದೆ ಬಿಳಿಯ ಅತಿಥಿಗಳನ್ನು ಕೂರಿಸಿ ಮೆರೆಯುವ ಆಸೆಯಿರಬಹುದು ಎಂದು ಏನೋ ಒದರಿದೆ. ಅವಳು ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಮದುವೆಯ ಹಿಂದಿನ ದಿನ ವಿಲ್ಮಕ್ಕ ಲುಂಗಿಯಂಥ ಹಳೇ ಸರೋಂಗ್ ಉಟ್ಟು, ಕೂದಲಿಗೆ ಬಟ್ಟೆ ಕಟ್ಟಿಕೊಂಡು, ಕರೆಯದಿದ್ದರೂ ಹಿತ್ತಲಿಗೆ ಬಂದಳು. ನಾನು ಕೊಪ್ಪರಿಗೆಯ ಹತ್ತಿರವಿದ್ದೆ. ಚಪ್ಪರದಡಿಯ ನಗು, ರೇಡಿಯೋ ಆರಿಸಿದಂತೆ ನಿಂತಿತು. ಯಾರೋ ಕುರ್ಚಿ ತಂದರು. ಯಾರೋ ತಟ್ಟೆಯಲ್ಲಿ ಚಹಾ ತಂದರು.

‘ಚಾಕು ಎಲ್ಲಿ?’ ಅಂದಳು ವಿಲ್ಮಕ್ಕ.

‘ಅಯ್ಯೋ ಬೇಡಿ ಅಕ್ಕ, ಕೈಯೆಲ್ಲ ವಾಸನೆ ಆಗುತ್ತೆ,’ ಅಂದಳು ಒಬ್ಬಳು.

‘ಎಂಟು ವರ್ಷದಿಂದ ಆಗದ ವಾಸನೆ ಇವತ್ತು ಆಗುತ್ತಾ?’

ಹಸ್ನಾ ಕೋಳಿ ತೊಳೆಯುವ ನೆಪದಲ್ಲಿ ಹಿಂದಿನ ನಲ್ಲಿಯತ್ತ ಸರಿದಳು. ವಿಲ್ಮಕ್ಕ ಬೆನ್ನು ಹತ್ತಿದಳು. ನಲ್ಲಿಯಿದ್ದದ್ದು ನನ್ನ ಕೊಪ್ಪರಿಗೆಯ ಬೆನ್ನಿಗೇ. ಕೇಳಿಸಿಕೊಳ್ಳದಿರಲು ನಾನೇನು ಕಿವುಡನೇ?

‘ನಾನೇನು ತಪ್ಪು ಮಾಡಿದೆ ಹಸ್ನಾ? ಬೈದಾದರೂ ಹೇಳು.’

‘ತಪ್ಪು ನಿಮ್ದಲ್ಲ. ನಂದೇ. ನಮ್ಮವಳು ಅಂದ್ಕೊಂಡೆನಲ್ಲ, ಅದು ತಪ್ಪು.’

‘ಇದೇನು ನಿಮ್ದು ಗಿಮ್ದು? ನೆಟ್ಟಗೆ ಮಾತಾಡು.’

ಹಸ್ನಾ ಕೋಳಿಯನ್ನು ಬೋಗುಣಿಗೆ ಎತ್ತಿ ಹಾಕಿದ ಸದ್ದು ನನಗೆ ಕೇಳಿಸಿತು. ‘ನೆಟ್ಟಗೇ ಹೇಳ್ತೀನಿ. ಮುಂದಿನ ತಿಂಗಳು ಮನೆ ಖಾಲಿ ಮಾಡಿ ಹೊರಟಿದ್ದೀಯಲ್ಲ, ನಂಗೊಂದು ಮಾತು ಹೇಳಿದ್ಯಾ? ಹಾಜಿಗೆ ಗೊತ್ತು, ಹಾಜಿ ಹೆಂಡತಿಗೆ ಗೊತ್ತು, ಮೀನು ಮಾರೋನಿಗೆ ಗೊತ್ತು. ಪಕ್ಕದ ಮನೆಯಲ್ಲಿ ಕೂತು ದಿನಾ ನನ್ನ ಕೈಯಲ್ಲಿ ಕಾಫಿ ಕುಡಿದು, ಕೊಬ್ಬರಿ ನಂದೇ ಅಂತ ಜಗಳ ಆಡಿ, ಒಳಗೊಳಗೇ ಗಂಟುಮೂಟೆ ಕಟ್ತಿದ್ಯಾ? ಹೊರಡೋರು ನೆಂಟರು. ನೆಂಟರಿಗೆ ಕಾರ್ಡು. ಅದನ್ನೇ ಕೊಟ್ಟೆ.’



‘ಯಾರು ಹೊರಟಿರೋದು?’ ಅಂದಳು ವಿಲ್ಮಕ್ಕ.

ಆ ದನಿ ಕೇಳಿ ಹಸ್ನಾಳಿಗೆ ಎಲ್ಲ ತಿಳಿದುಹೋಯಿತು. ನನಗೂ. ಅನ್ನ ತಿರುವುವ ಸಟ್ಟುಗ ನನ್ನ ಕೈಯಲ್ಲೇ ನಿಂತಿತು.

ಗೆರಿಟ್ ಹಾಜಿಯ ಜಗಲಿಯಲ್ಲಿ ಚಹಾ ಕುಡಿಯುತ್ತ, ಮದುವೆಯ ತಿಂಗಳು ಕಳೆದ ಮೇಲೆ ಮನೆ ಬಿಡುತ್ತೇವೆ, ಹೆಂಡತಿಗೆ ಬೇಸರ, ಅವಳ ಮುಂದೆ ಎತ್ತಬೇಡಿ ಅಂದಿದ್ದರಂತೆ. ಊರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ಅವಳ ಮುಂದೊಂದು ಬಿಟ್ಟು ಉಳಿದೆಲ್ಲರ ಮುಂದೆಯೂ ಎತ್ತಿತ್ತು.

‘ಅಯ್ಯೋ ದೇವರೇ, ನಿಂಗೆ ಗೊತ್ತೇ ಇರ್ಲಿಲ್ವಾ?’ ಹಸ್ನಾ ಅಳತೊಡಗಿದಳು. ‘ಬಾ, ಬಾ ಅಕ್ಕ, ಕೂತ್ಕೋ. ಏ, ಯಾರಾದ್ರೂ ಆ ಕೆಂಪು ದಾರದ ಚಾಕು ತನ್ರೇ! ಬಾಣಲೆ ಇಳಿಸ್ರೇ, ಕೊಬ್ಬರಿ ಇವಳೇ ಹುರೀತಾಳೆ!’

‘ಬೇಡ ಹಸ್ನಾ.’

‘ಸುಟ್ಟು ಹಾಕಿದ್ರೂ ಪರವಾಗಿಲ್ಲ!’

‘ಬೇಡ. ಕೊಬ್ಬರಿ ಸುಟ್ಟಾಗ ಬೈದೆ. ನಿನ್ನ ಹಿತ್ತಾಳೆ ಬಿಂದಿಗೆ ಕಳೆದಾಗ ಮೂರು ದಿನ ಬೈದೆ. ಇದಕ್ಕೊಂದಕ್ಕೆ ಬೈಯೋಕಾಗ್ಲಿಲ್ವಾ? ನನ್ನ ಜುಟ್ಟು ಹಿಡಿದು “ಎಲ್ಲಿಗೇ ಹೊರಟೆ” ಅಂತ ಕೇಳಿದ್ರೆ ಅವತ್ತೇ ಗೊತ್ತಾಗ್ತಿತ್ತು. ನೀನು ಬಾಗಿಲು ತಟ್ಟಿದೆ.’

ಹಾಗೆಂದು ತಲೆಬಟ್ಟೆ ಬಿಚ್ಚಿ ಹೊರಟವಳು ನನ್ನ ಹತ್ತಿರ ನಿಂತಳು. ‘ನಡಿ ರುಸ್ಲಿ. ನಂಗೊಬ್ಬ ಸಾಕ್ಷಿ ಬೇಕು.’

ಗಂಡ ಹೆಂಡಿರ ಜಗಳಕ್ಕೆ ಸಾಕ್ಷಿ ನಿಲ್ಲುವುದೂ ಕಲಿಯುವವನ ಕೈಗೆ ಸ್ಟೇರಿಂಗ್ ಕೊಟ್ಟು ಬೆಟ್ಟ ಇಳಿಸುವುದೂ ಒಂದೇ. ಬ್ರೇಕು ಮಾತ್ರ ನಮ್ಮ ಕಾಲ ಕೆಳಗಿರುವುದಿಲ್ಲ. ಆದರೂ ಹೋದೆ.

ಗೆರಿಟ್ ಜಗಲಿಯಲ್ಲಿ ಫ್ಯಾನಿನ ಕೆಳಗಿದ್ದರು. ಹೆಂಡತಿಯ ಮುಖ ನೋಡಿ ತಮ್ಮ ಭಾಷೆಯಲ್ಲಿ ಏನೋ ಶುರು ಮಾಡಿದರು.

‘ಮಲಯ್‌ನಲ್ಲೇ ಹೇಳು,’ ಅಂದಳು ವಿಲ್ಮಕ್ಕ. ‘ಊರಿಗೆಲ್ಲ ಗೊತ್ತಿರೋದನ್ನ ರುಸ್ಲಿಯೊಬ್ಬನಿಂದ ಯಾಕೆ ಮುಚ್ಚಿಡಬೇಕು?’

‘ಮದುವೆ ಮುಗಿದ ಮೇಲೆ ಹೇಳೋಣ ಅಂತಿದ್ದೆ,’ ಅಂದರು ಗೆರಿಟ್.

‘ಯಾರದ್ದು? ನಮ್ಮದು ಮುಗಿದ ಹಾಗೇ ಕಾಣುತ್ತಲ್ಲ.’

ಗೆರಿಟ್ ಹೇಳಿದರು. ಅವರ ದೇಶದ ಡೆವೆಂಟರ್ ಎಂಬ ಊರಿನಲ್ಲಿ ವಯಸ್ಸಾದವರಿಗೆಂದೇ ಕಟ್ಟಿದ ಮನೆಗಳಿವೆ, ಒಂದು ಖಾಲಿಯಾಗಿತ್ತು, ಹಿಡಿದುಬಿಟ್ಟಿದ್ದಾರೆ. ಕೆಳಗೇ ಡಾಕ್ಟರು. ಎದುರಿಗೆ ನದಿ.

‘ಇಲ್ಲೇನು ಕಮ್ಮಿಯಾಗಿತ್ತು?’

‘ನಿನಗಲ್ಲ. ನನಗೆ.’ ಅವರು ಮೊದಲ ಸಲ ದನಿ ಏರಿಸಿದ್ದನ್ನು ಕೇಳಿದೆ. ‘ನೀನು ಹಿತ್ತಲಲ್ಲಿ ಅವರ ಜೊತೆ ಬೈಸ್ಕೊಂಡು ನಗ್ತಿರ್ತೀಯ. ನಂಗೆ ಇಲ್ಲಿ ಎಂಟು ವರ್ಷದಿಂದ ಕುರ್ಚಿ ಹಾಕ್ತಿದ್ದಾರೆ. ಒಲೆ ಹತ್ರ ಹೋದ್ರೆ ಹೊಗೆ ಸಾಹೇಬ್ರೇ ಅಂತಾರೆ. ಸೌದೆ ಎತ್ತಿದ್ರೆ ಕಿತ್ಕೋತಾರೆ. ನಲವತ್ತು ವರ್ಷ ಹಡಗಿನ ಸರಕು ಎತ್ತಿಳಿಸಿದವನು ನಾನು, ಒಂದು ಸಟ್ಟುಗ ತಿರುಗಿಸೋಕೆ ಬರಲ್ವಾ ನಂಗೆ? ನೀನು ಈ ಊರಿಗೆ ಬಂದೆ. ನಾನು ಇನ್ನೂ ಬಂದೇ ಇಲ್ಲ.’

ನಾನು ಅಂಗಳದ ಬೆಕ್ಕನ್ನು ಗಮನವಿಟ್ಟು ನೋಡತೊಡಗಿದೆ. ಅಷ್ಟು ಆಸಕ್ತಿಕರ ಬೆಕ್ಕೇನೂ ಅಲ್ಲ ಅದು.

ವಿಲ್ಮಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ‘ಇದನ್ನ ನಂಗೆ ಹೇಳಬಹುದಿತ್ತಲ್ಲ ಗೆರಿಟ್. ಒಂದೇ ಹಾಸಿಗೆಯಲ್ಲಿ ಎಂಟು ವರ್ಷ ಬಾಯಿ ಬರಲಿಲ್ಲ. ಹಾಜಿಗೆ ಹೇಳೋಕೆ ಒಂದು ಲೋಟ ಚಹಾ ಸಾಕಾಯ್ತು.’

‘ಹೇಳಿದ್ರೆ ನೀನು ಬೇಡ ಅಂತಿದ್ದೆ.’

‘ಹೌದು,’ ಅಂದಳು ಅವಳು. ‘ಅದಕ್ಕೇ ಕೇಳಬೇಕಿತ್ತು.’

ಮರುದಿನ ಮದುವೆಗೆ ಇಬ್ಬರೂ ಬಂದರು. ಮುಂದಿನ ಸಾಲಿನಲ್ಲಿ ಕೂತರು. ಅಲೋರ್ ಸೆತಾರಿನ ಬೀಗರು ಅವರೊಂದಿಗೆ ಫೋಟೋ ತೆಗೆಸಿಕೊಂಡರು. ಹಸ್ನಾ ಎರಡು ಸಲ ಬಂದು ಬಡಿಸಿದಳು, ಎರಡು ಸಲವೂ ವಿಲ್ಮಕ್ಕ ‘ಸಾಕು, ತುಂಬಾ ಚೆನ್ನಾಗಿದೆ’ ಅಂದಳು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಹಿಂದಿನ ವರ್ಷವಾಗಿದ್ದರೆ ಅದನ್ನು ಅವಳು ಇಡೀ ಚಪ್ಪರಕ್ಕೆ ಕೇಳುವಂತೆ ಹೇಳುತ್ತಿದ್ದಳು. ಹೊರಡುವಾಗ ಅಫೀಫಾ ತಾನೇ ಬಂದು ಮೊಟ್ಟೆಯ ಬುಟ್ಟಿ ಕೊಟ್ಟು ಅವಳ ಹೆಗಲ ಮೇಲೆ ತಲೆಯಿಟ್ಟಳು. ವಿಲ್ಮಕ್ಕ ಬೆನ್ನು ಸವರಿದಳು, ಬುಟ್ಟಿಯನ್ನು ಮೇಜಿನ ಮೇಲೇ ಮರೆತು ಹೋದಳು. ಮರೆತಳೆಂದೇ ನಾವು ಹೇಳಿಕೊಂಡೆವು.

ಅವಳೊಬ್ಬಳೇ ಉಳಿಯುವ ದಾರಿಯಿದೆಯೇ ಎಂದು ಹಸ್ನಾ ಕಚೇರಿಗೆಲ್ಲ ಅಲೆದಳು. ನಮ್ಮ ದೇಶದಲ್ಲಿ ಇರಲು ಬೇಕಾದ ಪರವಾನಗಿ ಗೆರಿಟ್ ಹೆಸರಿನಲ್ಲಿತ್ತು, ವಿಲ್ಮಕ್ಕನದು ಅದಕ್ಕೆ ಕಟ್ಟಿದ ಬಾಲಂಗೋಚಿ. ಗಾಳಿಪಟ ಇಳಿದರೆ ಬಾಲಂಗೋಚಿಯೂ ಇಳಿಯಬೇಕು. ಹೊಸದಾಗಿ ಬೇಕೆಂದರೆ ಅವಳಂಥವಳ ಪಿಂಚಣಿ ಎಲ್ಲಿಗೂ ಸಾಲದು. ‘ನನ್ನ ಹಿಂದಿನ ಕೋಣೆ ಇದೆ, ನನ್ನ ಅಕ್ಕ ಅಂತ ಬರ್ಕೊಳ್ಳಿ,’ ಎಂದು ಹಸ್ನಾ ಅಲ್ಲಿನ ಗುಮಾಸ್ತೆಯ ಮೇಲೆ ಕೂಗಾಡಿ ಬಂದಳಂತೆ. ಗುಮಾಸ್ತೆ ಕಾಗದದ ಮೇಲಿನ ಫೋಟೋ ನೋಡಿ, ಹಸ್ನಾಳ ಮುಖ ನೋಡಿ, ನೀರು ಕೊಟ್ಟು ಕಳಿಸಿದಳಂತೆ.

ವಿಮಾನ ನಿಲ್ದಾಣಕ್ಕೆ ನಾನೇ ಕರೆದೊಯ್ದೆ. ಹೊರಡುವಾಗ ಹಸ್ನಾ ಬೇಲಿಯಾಚೆ ನಿಂತಿದ್ದಳು. ಆ ಗಂಟಲಿನಿಂದ ಏನೂ ಹೊರಡಲಿಲ್ಲ. ವಿಲ್ಮಕ್ಕ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದು ನಿಂತಿದ್ದು, ಬಂದು ಹಿಂದಿನ ಸೀಟಿನಲ್ಲಿ ಕೂತಳು. ಗೆರಿಟ್ ನನ್ನ ಪಕ್ಕ.

ಬೆಟ್ಟದ ದಾರಿ ಕಳೆಯಿತು. ಆಮೇಲೆ ವಿಲ್ಮಕ್ಕ ಮಲಯ್‌ನಲ್ಲೇ ಶುರು ಮಾಡಿದಳು. ನನಗೆ ಕೇಳಲೆಂದೇ.

‘ಅಲ್ಲಿ ಇಳಿದ ಮೇಲೆ ನಾನು ನನ್ನ ತಂಗಿ ಮನೆಗೆ ಹೋಗ್ತೀನಿ. ಅವಳ ಅಟ್ಟದ ಕೋಣೆ ಖಾಲಿ ಇದೆ.’

‘ಎಷ್ಟು ದಿನ?’ ಅಂದರು ಗೆರಿಟ್.

‘ಬಾಡಿಗೆ ಮಾತಾಡಿಕೊಂಡಿದ್ದೀನಿ.’

ಗೆರಿಟ್ ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ‘ಆ ಮನೆ ಇಬ್ಬರಿಗೆ ಅಂತ ತಗೊಂಡಿದ್ದು ವಿಲ್ಮಾ,’ ಅಂದರು.

‘ಇಬ್ಬರಲ್ಲಿ ಒಬ್ಬಳನ್ನ ನೀನು ಕೇಳಲಿಲ್ಲ.’

ಗೆರಿಟ್ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ನಾನು ಅವರ ಕೈಯನ್ನೇ ನೋಡುತ್ತ ವಿಮಾನ ನಿಲ್ದಾಣಕ್ಕೆ ಹೋಗುವ ತೆಲುಕ್ ಕುಂಬಾರಿನ ತಿರುವನ್ನು ಬಿಟ್ಟು ನೆಟ್ಟಗೆ ಹೊರಟುಹೋದೆ. ಅರ್ಧ ಜಿಲ್ಲೆಗೆ ಡ್ರೈವಿಂಗ್ ಕಲಿಸಿದವನು ನಾನು.

‘ಏ ರುಸ್ಲಿ, ತಿರುವು ಬಿಟ್ಯಲ್ಲೋ ಕತ್ತೆ!’ ಹಿಂದಿನಿಂದ ವಿಲ್ಮಕ್ಕ ಕೂಗಿದಳು. ‘ಮುಂದೆ ಪೆಟ್ರೋಲ್ ಬಂಕ್ ಹತ್ರ ತಿರುಗಿಸ್ಕೋ, ಮೀನು ಮಾರ್ಕೆಟ್ ಹಿಂದಿನ ಓಣಿಯಲ್ಲಿ ಹೋದ್ರೆ ಬೇಗ ಸಿಗುತ್ತೆ. ನೀನು ಜನಕ್ಕೆ ಏನು ಕಲಿಸ್ತೀಯೋ!’

ಆ ಓಣಿ ನನಗೇ ಗೊತ್ತಿರಲಿಲ್ಲ. ಅವಳು ಹೇಳಿದ ಹಾಗೆ ಹೋದೆ. ಹೊತ್ತಿಗೆ ಮುಂಚೆಯೇ ತಲುಪಿದೆವು. ವಿಮಾನ ತಪ್ಪಲಿಲ್ಲ.