ಸೋರದ ಎಣ್ಣೆಯ ವಾಸನೆ

ದೆವ್ವ ಕಂಡೆ, ಶಕುನವಾಯಿತು, ಕನಸಿನಲ್ಲಿ ಯಾರೋ ಬಂದು ಹೇಳಿದರು ಎಂದು ಯಾರಾದರೂ ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದದ್ದು, "ರಾತ್ರಿ ಏನು ಉಂಡಿದ್ರಿ?" ಎಂದು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿಕೊಂಡು ಬಂದವನು ನಾನು. ಬೆಲ್ಟ್ ಹರಿದರೆ ಅದಕ್ಕೊಂದು ಕಾರಣ ಇರುತ್ತದೆ, ನುಚ್ಚು ಹೆಚ್ಚು ಬಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈಗಲೂ ನನ್ನ ಬುದ್ಧಿ ಹಾಗೆಯೇ ಇದೆ. ಆದರೆ ಒಂದು ಸಂಗತಿಗೆ ಮಾತ್ರ ಇಷ್ಟು ವರ್ಷ ಹುಡುಕಿದರೂ ಕಾರಣ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ನನ್ನ ಮೂಗಿನ ವಿಷಯ ಹೇಳಬೇಕು. ಹರೆಯದಲ್ಲಿ ಒಮ್ಮೆ ಗಿರಣಿಯಲ್ಲಿ ಎತ್ತರಕ್ಕೆ ಒಟ್ಟಿದ್ದ ಚೀಲಗಳ ಮೇಲಿಂದ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡಿದ್ದೆ. ಗಾಯ ಮಾಯಿತು, ವಾಸನೆ ಹೋಯಿತು. ಬಳ್ಳಾರಿಯ ಡಾಕ್ಟರು ನರ ತುಂಡಾಗಿದೆ, ಇನ್ನು ಬರುವುದಿಲ್ಲ ಎಂದರು. ಅಂದಿನಿಂದ ನನಗೆ ಮಲ್ಲಿಗೆಯೂ ಒಂದೇ, ಕೊಳೆತ ಈರುಳ್ಳಿಯೂ ಒಂದೇ. ಮದುವೆಯಾದದ್ದು ಅದರ ನಂತರ. ಹಾಗಾಗಿ ನನ್ನ ಹೆಂಡತಿ ಗೌರಮ್ಮನ ಅಡುಗೆಯ ಘಮ ಹೇಗಿರುತ್ತದೆಂದು ನನಗೆ ಗೊತ್ತೇ ಇಲ್ಲ. "ಅದಕ್ಕ ನಮ್ಮ ಮನಿಯಾಗ ಸಾರಿನ ಸಲುವಾಗಿ ಜಗಳ ಇಲ್ಲ" ಎಂದು ಅವಳು ಬಂದವರ ಮುಂದೆಲ್ಲ ನಗಾಡುತ್ತಿದ್ದಳು.

ಅದಿರಿನ ಕಾಲ ಅದು. ಕೆಂಪು ಧೂಳು ಮುಚ್ಚಿದ ಸಂಡೂರಿನ ಗಿಡಮರಗಳಿಗೆ ಹಸಿರು ಎಲೆಗಳಿರುತ್ತವೆಂಬುದು ಮಳೆ ಬಂದಾಗ ಮಾತ್ರ ನೆನಪಾಗುತ್ತಿತ್ತು. ದುಡ್ಡು ಮಾಡಿದ ಗುತ್ತಿಗೆದಾರರು ಅಂಗಿ ಬದಲಿಸಿದಂತೆ ಕಾರು ಬದಲಿಸುತ್ತಿದ್ದರು. ಅಂಥವನೊಬ್ಬ ಬಿಟ್ಟ ಟರ್ಬೊ ಡೀಸೆಲ್ ಕಾರನ್ನು ನಾನು ಕೊಂಡೆ. ಕೊಂಡದ್ದು ಷೋಕಿಗಲ್ಲ, ಮಗಳು ಉಮಾಳ ಸಲುವಾಗಿ. ಅವಳ ಗಂಡ ಯಶವಂತನಗರದ ಹತ್ತಿರ ಗಣಿಯಲ್ಲಿ ಕೆಲಸಕ್ಕಿದ್ದ. ಉಮಾಳಿಗೆ ಮೊದಲ ಸಲದ ಬಸಿರು ಉಳಿದಿರಲಿಲ್ಲ. ಈ ಸಲ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು, ಬಸ್ಸು ಬೇಡ, ಕುಲುಕಾಟ ಬೇಡ. ಸೀಮಂತದ ಕುಬಸ ಮುಗಿಸಿ ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕಾಗಿತ್ತು.

ಹೊರಡುವ ಮುಂಚೆಯೇ ಗೌರಮ್ಮ ತಕರಾರು ತೆಗೆದಳು. ಕಾರಿನಲ್ಲಿ ಕೂತರೆ ಸುಟ್ಟ ವಾಸನೆ ಬರುತ್ತದೆ ಎಂದಳು. ನನಗೇನು ಗೊತ್ತಾಗಬೇಕು? ಹೊಸಪೇಟೆಯ ಮೆಕ್ಯಾನಿಕ್ ತಿಪ್ಪೇಶನ ಹತ್ತಿರ ಒಯ್ದೆ. ಮಾತು ಜಾಸ್ತಿ, ಕೈ ಚುರುಕು, ತನ್ನ ಕೈಯಿಂದ ತಪ್ಪಾಗುತ್ತದೆಂದು ಎಂದೂ ಒಪ್ಪದ ಮನುಷ್ಯ. ಇಂಜಿನ್ ತುಂಬ ಕೆಂಪು ಧೂಳು ಎಣ್ಣೆಯಲ್ಲಿ ಕಲೆತು ಕೆಸರಾಗಿ ಕೂತಿತ್ತು, ಸೋರುವ ಜಾಗ ಯಾವುದೆಂದು ಕಾಣುತ್ತಿರಲಿಲ್ಲ. ಅವನು ಎಲ್ಲವನ್ನೂ ತೊಳೆದು ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಮೇಲೆಲ್ಲ ಉದುರಿಸಿದ. ಕಾರನ್ನು ಕಮಲಾಪುರದವರೆಗೆ ಓಡಿಸಿಕೊಂಡು ಬಂದು ನೋಡಿದರೆ ಒಂದು ಕಡೆ ಪೌಡರು ತೊಯ್ದು ಕಪ್ಪಾಗಿತ್ತು. ಇಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗ್ ಹೋಗಿತ್ತು. ಅಲ್ಲಿಂದ ಜಿನುಗಿದ ಎಣ್ಣೆ ಇಂಜಿನ್ನಿಗೆ ಗಾಳಿ ತಳ್ಳುವ, ಕೆಂಡದಂತೆ ಕಾಯುವ ಟರ್ಬೊದ ಮೇಲೆ ಬಿದ್ದು ಸುಡುತ್ತಿತ್ತು. ಪ್ಯಾಕಿಂಗ್ ಬದಲಿಸಿ ಮತ್ತೊಮ್ಮೆ ಪೌಡರು ಉದುರಿಸಿ ಕಳಿಸಿದ. "ಸಂಡೂರಿಗೆ ಹೋಗಿ ಬರ್ರಿ. ಎಲ್ಲೆರ ಹಸಿ ಆಗಿದ್ರ ನನ್ನ ಹೆಸರು ಬದಲಿ ಮಾಡ್ರಿ" ಎಂದ. ಗೌರಮ್ಮ ಕೂತು ಮೂಸಿ ನೋಡಿ, ವಾಸನೆ ಹೋಗಿದೆ ಎಂದು ಒಪ್ಪಿದಳು.

ಕುಬಸ ಚೆನ್ನಾಗಿ ಆಯಿತು. ಊಟ ಮುಗಿಸಿ ಮಧ್ಯಾಹ್ನದ ಮೇಲೆ ಹೊರಟೆವು. ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟ ಉಮಾ ತಾಯಿಯ ಜೊತೆ ಹಿಂದಿನ ಸೀಟಿನಲ್ಲಿ. ಬಸುರಿಯಾದಾಗಿನಿಂದ ಅವಳ ಮೂಗು ಭಾರೀ ಚುರುಕಾಗಿತ್ತು. ಗಂಡನ ಸೋಪು ಆಗದು, ಪಕ್ಕದ ಮನೆಯ ಒಗ್ಗರಣೆ ಆಗದು. ಕಾರು ಹತ್ತಿದೊಡನೆ, "ಪೌಡರ್ ವಾಸ್ನಿ ಐತಪ್ಪಾ, ಬ್ಯಾರೆ ಏನಿಲ್ಲ" ಎಂದಿದ್ದಳು.

ಸಂಡೂರು ದಾಟಿ ಅದಿರು ಲಾರಿಗಳ ಸಾಲಿನ ಹಿಂದೆ ಏರು ಹತ್ತುತ್ತಿದ್ದೆವು. ಬ್ರೇಕ್ ಕಾಯಿಸುವ ಇಳಿಜಾರು ಇನ್ನೂ ಮುಂದಿತ್ತು. ಅಲ್ಲಿ ನನಗೆ ವಾಸನೆ ಬಂತು.

ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಆದದ್ದು ಸಂತೋಷ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸತ್ತು ಹೋಗಿದ್ದ ಮೂಗು ಬದುಕಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಎರಡು ಮೂರು ಸಲ ಉಸಿರೆಳೆದ ಮೇಲೆ ಅದು ಯಾವ ವಾಸನೆಯೆಂದು ತಿಳಿಯಿತು. ಕಾದ ಕಬ್ಬಿಣದ ಮೇಲೆ ಎಣ್ಣೆ ಸುಡುವ ವಾಸನೆ. ನಮ್ಮಪ್ಪನ ಕಾಲದ ಗಿರಣಿ ಇಂಜಿನ್ನಿನ ಪಕ್ಕದಲ್ಲೇ ಬೆಳೆದವನಿಗೆ ಅದು ಮರೆಯುವಂಥದ್ದಲ್ಲ.

"ಏನರ ವಾಸ್ನಿ ಬರಾಕತ್ತೈತೇನು?" ಎಂದು ಕೇಳಿದೆ. ಹಿಂದೆ ಇಬ್ಬರೂ ಮುಖ ಮುಖ ನೋಡಿಕೊಂಡರು. "ಇಲ್ಲಪ್ಪಾ. ನಿಮಗ ವಾಸ್ನಿ?" ಎಂದು ಉಮಾ ನಕ್ಕಳು. ನಾನು ಕಾರು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಹೊಗೆ ಇಲ್ಲ. ಪೌಡರಿನ ಮೇಲೆ ತೆಳ್ಳಗೆ ಕೆಂಪು ಧೂಳು ಕೂತಿತ್ತು, ಊದಿದರೆ ಹಾರಿತು. ಎಲ್ಲೂ ಹಸಿಯಿಲ್ಲ. ವಾಸನೆ ಮಾತ್ರ ಗಂಟಲಿಗೆ ಹಿಡಿಯುವಷ್ಟು ಬರುತ್ತಿತ್ತು.

ನನ್ನ ಪರಿಸ್ಥಿತಿ ನೋಡಿ. ಮೂಗು ಇದ್ದ ಇಬ್ಬರು ಏನೂ ಇಲ್ಲ ಎನ್ನುತ್ತಾರೆ, ಕಣ್ಣೂ ಅದನ್ನೇ ಹೇಳುತ್ತದೆ. ಅಷ್ಟರಲ್ಲಿ ಹೊಸಪೇಟೆಗೆ ಹೊರಟ ಗಣಿ ಕಂಪನಿಯ ಬಸ್ಸೊಂದು ಬಂತು. ಕೈ ಅಡ್ಡ ಹಿಡಿದೆ.

ಗೌರಮ್ಮ ಸಿಡಿದೆದ್ದಳು. "ಬಸ್ಸು ಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ. ನಿಮಗ ತಲಿಗಿಲಿ ಕೆಟ್ಟೈತೇನ್ರಿ? ಹುಡುಗಿಗೆ ಏನರ ಆದ್ರ ನಾ ಸುಮ್ನಿರಂಗಿಲ್ಲ!" ಎಂದಳು. ನಾನು ಉಮಾಳ ಕೈ ಹಿಡಿದು ಇಳಿಸಿದೆ. ಕೆಂಪು ಧೂಳು ಮೆತ್ತಿದ ಕೆಲಸಗಾರರು ಎದ್ದು ತಾಯಿ ಮಗಳಿಗೆ ಮುಂದಿನ ಸೀಟು ಬಿಟ್ಟುಕೊಟ್ಟರು. "ಅಂಜಬ್ಯಾಡ್ರಿ ಯಜಮಾನ್ರ, ಹಗೂರಕ ಒಯ್ತೀನಿ" ಎಂದ ಡ್ರೈವರ್. ಬಸ್ಸು ಗುಂಡಿಯಲ್ಲಿ ಇಳಿದು ಏಳುವುದನ್ನು ನೋಡುತ್ತ ನಿಂತೆ. ಆ ಕೂಸಿಗೆ ಏನಾದರೂ ಆದರೆ ಈ ಜನ್ಮದಲ್ಲಿ ಮನೆಯೊಳಗೆ ತಲೆ ಎತ್ತಲಾರೆ ಎನಿಸಿತು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ವಾಸನೆ ಅಲ್ಲಿಗೆ ನಿಂತಿತು. ಕಡಿಮೆಯಾಗುತ್ತಾ ಹೋದದ್ದಲ್ಲ, ಸ್ವಿಚ್ ಆರಿಸಿದಂತೆ ನಿಂತಿತು. ಬಾನೆಟ್ಟಿನೊಳಗೆ ತಲೆ ಹಾಕಿ ಮೂಸಿದೆ. ಡೀಸೆಲ್ ವಾಸನೆ ಕೂಡ ಇಲ್ಲ.

ಫೋನ್ ಮಾಡಿದ್ದಕ್ಕೆ ತಿಪ್ಪೇಶ ಸಂಜೆಯ ಹೊತ್ತಿಗೆ ಬೈಕಿನಲ್ಲಿ ಬಂದ. ಇಂಜಿನ್ ಚಾಲು ಮಾಡಿ ನೋಡಿದ, ಆರಿಸಿದ, ಪೌಡರಿನ ಮೇಲೆ ಬೆರಳಾಡಿಸಿ ಬಿಳಿಯಾದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದ. "ಅಣ್ಣಾ, ಮೂಗು ಇಲ್ಲದಾವ್ರು ವಾಸ್ನಿ ಬಂತು ಅಂದ್ರ ನಾ ಯಾವ ಸ್ಪ್ಯಾನರ್ ಹಿಡಿಲಿ ಹೇಳ್ರಿ" ಎಂದು ನಗುತ್ತಲೇ, ಎಲ್ಲ ಬಿಗಿಯಾಗಿದೆ ಎಂದು ತೋರಿಸಲು ಬಟ್ಟೆ ಸುತ್ತಿದ ಕೈಯಿಂದ ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಕಬ್ಬಿಣದ ಪೈಪನ್ನು ಹಿಡಿದು ಅಲುಗಿಸಿದ. ಪೈಪು ಲಟಕ್ಕೆಂದು ಮುರಿದು ಕೈಗೆ ಬಂತು.

ನಗು ನಿಂತಿತು. ಮುರಿದ ಬಾಯನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಹೊರಮೈ ಮಾತ್ರ ಎಳೆಯಷ್ಟು ಉಳಿದಿತ್ತು, ಒಳಗೆಲ್ಲ ಮೊದಲೇ ಬಿರುಕು ಬಿಟ್ಟಿತ್ತು. "ಒಂದ್ ಹನೀನೂ ಸೋರಿಲ್ಲಲ್ಲಣ್ಣಾ" ಎಂದ. ಪೈಪನ್ನು ಬಟ್ಟೆಯಲ್ಲಿ ಸುತ್ತುತ್ತ, "ಓಡುವಾಗ ಮುರಿದಿದ್ರ ಎಣ್ಣಿ ಎಲ್ಲಾ ಸಿಡಿದು ಕಾದ ಟರ್ಬೊ ಮ್ಯಾಲೆ ಬೆಂಕಿ..." ಎನ್ನುತ್ತ ಖಾಲಿ ಹಿಂದಿನ ಸೀಟಿನ ಕಡೆ ನೋಡಿದ.

ಉಮಾ ಕ್ಷೇಮವಾಗಿ ಮನೆ ಸೇರಿದ್ದಳು. ಆಮೇಲೆ ನಾನು ಡಾಕ್ಟರನ್ನು ಕೇಳಿದೆ. ವಾಸನೆ ಕಳೆದುಕೊಂಡವರ ಮೆದುಳು ಕೆಲವೊಮ್ಮೆ ಇಲ್ಲದ ವಾಸನೆ ಹುಟ್ಟಿಸುತ್ತದೆ, ಅದರಲ್ಲೂ ಸುಟ್ಟ ವಾಸನೆ ಎಂದರು. ಇರಬಹುದು. ಅಷ್ಟು ವರ್ಷ ಸುಮ್ಮನಿದ್ದ ಮೆದುಳು ಆ ಏರಿನಲ್ಲೇ ಯಾಕೆ ಹುಟ್ಟಿಸಿತು ಎಂದರೆ ಅವರೂ ಭುಜ ಕುಣಿಸಿದರು. ಪೈಪು ಬಿರುಕು ಬಿಟ್ಟ ಸಣ್ಣ ಸದ್ದು ನಿಮ್ಮ ಗಿರಣಿ ಕಿವಿಗೆ ಬಿದ್ದಿರಬೇಕು ಎಂದು ಅಳಿಯ ಹೇಳಿದ. ಲಾರಿಗಳ ಆ ಗದ್ದಲದಲ್ಲಿ? ಸೋರಿದ ಎಣ್ಣೆಗೆ ವಾಸನೆ ಇರುತ್ತದೆ, ಅದು ಸರಿ. ಸೋರದ ಎಣ್ಣೆಗೆ ಎಲ್ಲಿಂದ ಬಂತು?

ಮನೆಯಲ್ಲಿ ಮಾತ್ರ ಯಾರಿಗೂ ಈ ಪ್ರಶ್ನೆಯಿಲ್ಲ. ಯಾರೇ ಊರಿಗೆ ಹೊರಡಲಿ, "ಏನರ ವಾಸ್ನಿ ಬಂತೇನ್ರಿ?" ಎಂದು ಗೌರಮ್ಮ ನನ್ನನ್ನು ಕೇಳುವುದು ರೂಢಿಯಾಯಿತು. ಇಲ್ಲ ಎಂದರೆ ಹೊರಡುತ್ತಾರೆ.

ಮೊಮ್ಮಗಳು ಹುಟ್ಟಿದಳು. ಒಂದು ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಿಡಿದು ತಂದು ನನ್ನ ತೊಡೆಯ ಮೇಲೆ ಮಲಗಿಸಿದರು. ಎಳೆಗೂಸಿನ ನೆತ್ತಿಗೆ ಒಂದು ವಾಸನೆ ಇರುತ್ತದಂತೆ, ಎಲ್ಲರೂ ಹೇಳುತ್ತಾರೆ. ಉಮಾ ಹುಟ್ಟಿದಾಗಲೂ ಅದು ನನಗೆ ಸಿಕ್ಕಿರಲಿಲ್ಲ. ಆ ಏರಿನಲ್ಲಿ ಒಮ್ಮೆ ಬಂದದ್ದು ಈಗಲೂ ಬಂದೀತೆಂಬ ಆಸೆಯಿಂದ ಬಗ್ಗಿ, ಆ ಮೆತ್ತನೆಯ ನೆತ್ತಿಗೆ ಮೂಗು ಹಚ್ಚಿ, ಎದೆ ತುಂಬುವಷ್ಟು ಉಸಿರೆಳೆದುಕೊಂಡೆ.

ತಲೆ ಎತ್ತಿದರೆ ಗೌರಮ್ಮ, ಉಮಾ ಇಬ್ಬರೂ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನೂ ಇಲ್ಲ" ಎಂದೆ.

"ಸದ್ಯ" ಎಂದಳು ಗೌರಮ್ಮ, ಕೈಮುಗಿದು.