ಅಣ್ಣನ ಎದುರು ಫ್ರೆಂಚ್ ಡಿಫೆನ್ಸ್

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಆಕೆಗೆ ಚೆಸ್ ಆಡುವವರು ಇಟ್ಟ ಹೆಸರು ‘ಗೋಡೆ’. ಕಪ್ಪು ಕಾಯಿ ಸಿಕ್ಕರೆ ಆಕೆ ಆಡುತ್ತಿದ್ದುದು ಒಂದೇ ಆಟ, ಫ್ರೆಂಚ್ ಡಿಫೆನ್ಸ್. ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ, ಬಾಗಿಲು ಜಡಿದುಕೊಂಡು, ಎದುರಾಳಿ ಗುದ್ದಿ ಗುದ್ದಿ ಸುಸ್ತಾಗುವ ತನಕ ಕಾಯುವುದು. ಕಲಿಸಿದವನು ಅಪ್ಪ. ಜೊತೆಗೆ ಕಲಿತ ಅಣ್ಣ, ತಂಗಿ ಗೆದ್ದಾಗಲೆಲ್ಲ ಅವಳ ಜಡೆ ಹಿಡಿದು ಹಿತ್ತಲಿಗೆ ಎಳೆದೊಯ್ದು ಬಡಿಯುತ್ತಿದ್ದ. ಒಮ್ಮೆ ಕಿರುಬೆರಳು ಮುರಿದ. ಅಮ್ಮ ಅಡುಗೆಮನೆಯಿಂದ ಈಚೆ ಬರುತ್ತಿರಲಿಲ್ಲ.

ಆಕೆಗೆ ನಲವತ್ತೆರಡಾದಾಗ, ಊರ ಪಂದ್ಯಾವಳಿಯ ನಾಲ್ಕನೇ ಸುತ್ತಿನಲ್ಲಿ ಎದುರಿಗೆ ಬಂದು ಕೂತವನು ಅದೇ ಅಣ್ಣ. ಈಗವನು ಮರ ಕೊಯ್ಯುವ ಮಿಲ್ಲಿನ ಮೇಸ್ತ್ರಿ.

“ಇನ್ನೂ ಅದೇ ಹಳೇ ಗೋಡೆನಾ? ಇವತ್ತು ಕೆಡವ್ತೀನಿ, ನೋಡ್ತಿರು.”

“ಆಡಣ್ಣ,” ಎಂದಳು.

ಅವನು ಕಾಯಿಗಳನ್ನು ಇಡುತ್ತಿರಲಿಲ್ಲ, ಕುಟ್ಟುತ್ತಿದ್ದ. ಒಂಟೆಯನ್ನು ಬಲಿಕೊಟ್ಟು ಆಕೆಯ ರಾಜನನ್ನು ಬಯಲಿಗೆಳೆದ. ಕುದುರೆ, ಮಂತ್ರಿ ಒಂದರ ಹಿಂದೊಂದು ಮೇಲೆಬಿದ್ದವು. ರಾಜ ಒಂದೊಂದೇ ಮನೆ ಓಡಿ ಆನೆಯ ಮರೆ ಸೇರಿಕೊಂಡ. ಅಣ್ಣನ ಕಾಯಿಗಳು ದಿಕ್ಕೆಟ್ಟು ನಿಂತವು. ಆಗ ಆಕೆ ಅವನ ನಡುವಿನ ಕಾಲಾಳುಗಳ ಸಾಲನ್ನು ಬುಡದಲ್ಲೇ ಕಡಿದು, ಆನೆಯನ್ನು ಒಳಗೆ ನುಗ್ಗಿಸಿದಳು.

“ಶಹ.”

ಅವನು ಮೇಜಿನ ಮೇಲಿದ್ದ ಆಟದ ಗಡಿಯಾರ ಎತ್ತಿ ಆಕೆಯ ಬಾಯಿಗೆ ಅಪ್ಪಳಿಸಿದ. ಮುಂದಿನ ಎರಡು ಹಲ್ಲು ಉದುರಿದವು. ಮೇಜು ಮಗುಚಿತು. ಬಿದ್ದವಳ ಪಕ್ಕೆಗೆ ಬೂಟುಗಾಲಲ್ಲಿ ಒದ್ದ, ಮತ್ತೆ ಒದ್ದ. “ನನ್ಮುಂದೆ ಮೆರೀತೀಯಾ?” ಮೂರನೇ ಸಲ ಎತ್ತಿದ ಕಾಲನ್ನು ಆಕೆ ತಬ್ಬಿ ಹಿಡಿದು, ಉಳಿದ ಹಲ್ಲುಗಳಿಂದ ಕಚ್ಚಿದಳು. ಅವನು ಕಿರುಚಿದ. ನಾಲ್ಕು ಜನ ಸೇರಿ ಬಿಡಿಸುವ ಹೊತ್ತಿಗೆ ಇಬ್ಬರ ರಕ್ತವೂ ನೆಲದಲ್ಲಿ ಬೆರೆತಿತ್ತು.

ಆಸ್ಪತ್ರೆಗೆ ಅಮ್ಮ ಓಡಿಬಂದಳು. ಪಕ್ಕದಲ್ಲಿ ಪೊಲೀಸಿನವನು ದೂರು ಬರೆದುಕೊಳ್ಳುತ್ತಿದ್ದ.

“ಒಡಹುಟ್ಟಿದವನು ಕಣೇ. ಕೋಪದಲ್ಲಿ ಒಂದೇಟು ಹಾಕಿದಾನೆ. ದೂರು ಗೀರು ಬೇಡ.”

“ಒಂದೇಟಾ?” ಹೊಲಿಗೆ ಹಾಕಿದ ತುಟಿಯಿಂದ ಮಾತು ಸರಿಯಾಗಿ ಹೊರಡಲಿಲ್ಲ. “ನೀನು ಎಣಿಸೋದು ಯಾವಾಗ ಬಿಟ್ಟೆಮ್ಮ?”

ಸಹಿ ಹಾಕಿದಳು. ಅಣ್ಣನಿಗೆ ಎಂಟು ತಿಂಗಳು ಜೈಲಾಯಿತು. ಅಮ್ಮ ಮಗಳೊಂದಿಗೆ ಮಾತು ಬಿಟ್ಟಳು.

ಜೈಲಾಗುವುದಕ್ಕೂ ಮೊದಲೇ, ಏಟು ಬಿದ್ದ ವಾರದ ಭಾನುವಾರ, ಐದನೇ ಸುತ್ತಿಗೆ, ಪಕ್ಕೆಗೆ ಪಟ್ಟಿ ಬಿಗಿದುಕೊಂಡು ಆಕೆ ಹೋಗಿದ್ದಳು. ಎದುರಿಗಿದ್ದ ನಿವೃತ್ತ ಮೇಷ್ಟ್ರು ಮೂವತ್ತೊಂದನೇ ನಡೆಯಲ್ಲಿ ಗೆದ್ದರು. ಎದ್ದು ಕೈ ಚಾಚಿದರು. ಆಕೆ ಬೆಚ್ಚಿ, ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಕೈ ಹಿಂತೆಗೆಯದೆ ಹಾಗೇ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಕೈ ಕುಲುಕಿದಳು.