ಲಾರಿ ಬಾರದ ವರ್ಷದ ರೊಟ್ಟಿ

ಝಳಕಿಯ ಹೆದ್ದಾರಿ ಪಕ್ಕದಲ್ಲಿ ನಾನು ಖಾನಾವಳಿ ತೆರೆದಾಗ ಸೊಲ್ಲಾಪುರದ ಕಡೆಯಿಂದ ಅಪರೂಪಕ್ಕೊಂದು ಲಾರಿ ಬರುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ರಸ್ತೆ ದಾಟಲು ಕಾಯಬೇಕಾಯಿತು. ದೇಶ ಮುಂದೆ ಹೋಗುತ್ತಿದೆ ಎಂದು ಪೇಪರಿನವರು ಬರೆಯುವ ಮೊದಲೇ ನನ್ನ ಒಲೆಗೆ ಅದು ಗೊತ್ತಾಗಿತ್ತು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡೆ.

ಎರಡು ಸಾವಿರದ ಎಂಟರ ದೀಪಾವಳಿ ಕಳೆದ ಮೇಲೆ ಲಾರಿಗಳು ಕಡಿಮೆಯಾದವು. ಬಂದವರೂ ಲೋಡಿಗೆ ಕಾಯುತ್ತ ಲಾರಿಯ ನೆರಳಲ್ಲೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಹಳೆಯ ಡ್ರೈವರ್ ಒಬ್ಬನನ್ನು ಏನಾಯಿತೆಂದು ಕೇಳಿದೆ.

"ಅಮೆರಿಕಾದಾಗ ಬ್ಯಾಂಕು ಮುಳುಗ್ಯಾವಂತ್ರಿ ಅಕ್ಕಾರ. ಪುಣೆದ ಕಾರ್ಖಾನಿಯಿಂದ ಮಾಲ ಹೊಂಡವಲ್ದು."

"ಅಯ್ಯ, ಅಲ್ಲಿ ಬ್ಯಾಂಕ್ ಮುಳುಗಿದ್ರ ಇಲ್ಲಿ ನನ್ನ ಪುಂಡಿಪಲ್ಯ ಯಾಕ ಉಳೀಬೇಕೋ?" ನನಗೆ ಸಿಟ್ಟು ನೆತ್ತಿಗೇರಿತ್ತು.

ಅಕ್ಕಪಕ್ಕದ ಖಾನಾವಳಿಗಳು ಊಟಕ್ಕೆ ಎರಡೇ ರೊಟ್ಟಿ ಎಂದು ಬೋರ್ಡು ಹಾಕಿದವು. ನಮ್ಮ ಯಜಮಾನರೂ ಒಂದು ಬರೆಸಿಕೊಂಡೇ ಬಂದರು.

"ಹಾಕೂದಿಲ್ರಿ," ಎಂದೆ. "ಉಣ್ಣಾವ್ರ ರೊಟ್ಟಿ ಎಣಸಬಾರದು. ನಮ್ಮವ್ವ ಎಣಿಸಿಲ್ಲ, ನಾನೂ ಎಣಿಸೂದಿಲ್ಲ."

"ಹಂಗಾದ್ರ ಯುಗಾದಿ ತನಕಾ ನೋಡ್ತೇನಿ. ಆಮ್ಯಾಲ ಬಾಗಲಾ ಹಾಕಿ ಗ್ಯಾರೇಜಿಗೆ ಬಾಡಿಗಿ ಕೊಡ್ತೇನಿ."

ಹಠಕ್ಕೆ ಬಿದ್ದು ಮೊದಲಿನಷ್ಟೇ ಹಿಟ್ಟು ನಾದಿಸಿದೆ. ಶುದ್ಧ ಹುಚ್ಚುತನ. ಸಂಜೆಗೆ ಬುಟ್ಟಿ ತುಂಬ ರೊಟ್ಟಿ ಉಳಿಯುತ್ತಿದ್ದವು. ನಮ್ಮ ಕಡೆ ಉಳಿದ ರೊಟ್ಟಿಯನ್ನು ಯಾರೂ ಚೆಲ್ಲುವುದಿಲ್ಲ. ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದರೆ ಖಡಕ್ಕಾಗಿ ಎಷ್ಟೋ ದಿನ ಇರುತ್ತವೆ. ಒಣಗಿಸಿ ಒಟ್ಟಿದೆ. ಆ ರಾಶಿ ನೋಡಿದ ಅದೇ ಡ್ರೈವರ್, "ಇವನ್ನ ಕಟ್ಟಿ ಕೊಡ್ರಿ ಅಕ್ಕಾರ. ಲೋಡ್ ಸಿಗೂತನಕಾ ಶೇಂಗಾ ಚಟ್ನಿ ಹಚ್ಚಿ ತಿಂತೇವಿ," ಎಂದ.

ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡಿ! ಮರುದಿನದಿಂದ ಕಟ್ಟು ಕಟ್ಟಿ ಮಾರಿದೆ. ಇಂಡಿ ಊರಿನ ಕಿರಾಣಿ ಅಂಗಡಿಗಳಿಗೆ ಬುಟ್ಟಿ ಹೊತ್ತು ನಾನೇ ಹೋದೆ. ಆಮೇಲೆ ಸಿಂದಗಿಯ ಹಾಸ್ಟೆಲ್ಲಿಗೂ ಮುದ್ದೇಬಿಹಾಳದ ಅಂಗಡಿಗಳಿಗೂ ಬಸ್ಸಿನ ಮೇಲೆ ಕಟ್ಟು ಹೋದವು. "ರೊಟ್ಟಿ ಮಾರೂ ಗತಿ ಬಂತೇನಬೇ?" ಎಂದು ನೆಂಟರು ಮೂಗು ಮುರಿದರು. "ಹೂಂ, ಬಂತು. ನಿಮಗೆಷ್ಟು ಕಟ್ಟು ಬೇಕು?" ಎಂದೆ.

ಯುಗಾದಿ ಬಂತು. ಗ್ಯಾರೇಜಿನವನು ಬಂದು ನಿಂತಾಗ ಯಜಮಾನರು ನನ್ನ ಮುಖ ನೋಡದೆಯೇ, "ಕೊಡೂದಿಲ್ಲಪಾ," ಎಂದು ಕಳಿಸಿಬಿಟ್ಟರು. ಅವತ್ತು ಒಳಗೆ ಹೋಗಿ ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳಲಿ.

ಮುಂದೆ ಲಾರಿಗಳು ಮತ್ತೆ ಸಾಲುಗಟ್ಟಿದವು. ಕೂರಲು ಜಾಗ ಸಾಲದಾಯಿತು.

"ಇನ್ನರೆ ಆ ಒಣರೊಟ್ಟಿ ಕೆಲಸ ಸಾಕ್ ಮಾಡು," ಎಂದರು ಯಜಮಾನರು.

"ಲಾರಿ ಬಂದಂಗ ಮತ್ತ ಹೋಗ್ತಾವ್ರಿ. ನಾವು ಇಲ್ಲೇ ಇರಾವ್ರು. ಅತ್ಲಾಗ ಸರೀರಿ, ಹಿಟ್ಟು ನಾದಬೇಕು."